ಪುಷ್ಪಲತಾ ಹೊಲಿದ ತೊಂದರೆಯ ಫ್ರಾಕುಗಳು

ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವವನಲ್ಲ ನಾನು. ಕೊಟ್ಟೂರಿನ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ರಸ್ತೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ದಾರ, ಗುಂಡಿ, ಲೈನಿಂಗ್ ಬಟ್ಟೆ, ಸೀರೆಯ ಫಾಲ್ಸ್ ಮಾರುತ್ತ ಕೂತಿದ್ದೇನೆ. ವೀರಭದ್ರಯ್ಯನ ಮ್ಯಾಚಿಂಗ್ ಸೆಂಟರ್ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಜತೆಗೆ "ಬಾಯಿ ಸ್ವಲ್ಪ ಜೋರು" ಎಂದೂ ಹೇಳಿ ಕಳಿಸುತ್ತಾರೆ. ಹೇಳಲಿ. ಬಿಚ್ಚಿದ ಉಂಡೆ, ಕತ್ತರಿಸಿದ ಪಟ್ಟಿ, ಬಳಸಿದ ಗುಂಡಿ ಹಿಂದಕ್ಕೆ ತರುವವರ ಮುಂದೆ ಬಾಯಿ ಜೋರು ಮಾಡದೆ ಇನ್ನೇನು ಮಾಡಬೇಕು?

ಇಷ್ಟು ವರ್ಷದಲ್ಲಿ ಒಬ್ಬಳಿಗೆ ಮಾತ್ರ ಸೋತೆ. ಎದುರು ಅಂಗಡಿಯ ಟೇಲರ್ ಪುಷ್ಪಲತಾ. ಮೂರು ವರ್ಷದ ಹಿಂದಿನ ಮಾತು. ನಾನು ಬೆಳಿಗ್ಗೆ ಊದುಬತ್ತಿ ಹಚ್ಚಿ ಕೂಡುವಷ್ಟರಲ್ಲಿ ಅವಳು ರಸ್ತೆ ದಾಟಿ ಬಂದು ಒಂದು ಚೀಲವನ್ನು ನನ್ನ ಗಾಜಿನ ಪೆಟ್ಟಿಗೆಯ ಮೇಲೆ ಸುರಿದಳು. ಎಲ್ಲ ಟಿಚ್ ಬಟನ್ನುಗಳು. ಒತ್ತಿದರೆ ಟಕ್ಕೆಂದು ಕೂಡಿ, ಎಳೆದರೆ ಬಿಟ್ಟುಕೊಳ್ಳುತ್ತವಲ್ಲ, ಅವು. ನೂರಕ್ಕೂ ಹೆಚ್ಚಿದ್ದವು. ಅರ್ಧದಷ್ಟಕ್ಕೆ ಬಟ್ಟೆಯ ಎಳೆ ಇನ್ನೂ ಅಂಟಿಕೊಂಡಿತ್ತು.

"ಇವನ್ನೆಲ್ಲ ಇಟ್ಕೊಳ್ರಿ ಅಯ್ಯನೋರ," ಅಂದಳು. "ರೊಕ್ಕ ಬ್ಯಾಡ. ಬದಲಿಗಿ ಕಾಜಾ ದಾರ ಕೊಡ್ರಿ, ನಾಕು ತೂತಿನ ಗುಂಡಿ ಕೊಡ್ರಿ. ಹಾಕ್ಕೊಳ್ಳಾಕ ತ್ರಾಸಾಗೋವಂಥವು."

ತ್ರಾಸಾಗುವ ಗುಂಡಿ ಬೇಕು ಎಂದು ಕೇಳಿದ ಗಿರಾಕಿಯನ್ನು ನಾನು ಅವತ್ತೇ ನೋಡಿದ್ದು. ಬಯ್ಯಲು ಬಾಯಿ ತೆರೆದವನು ಅವಳ ಮುಖ ನೋಡಿದೆ. ರಾತ್ರಿಯೆಲ್ಲ ಅತ್ತ ಮುಖ, ಆದರೆ ಏನೋ ಒಂದು ಗಟ್ಟಿ ಮಾಡಿಕೊಂಡು ಬಂದಿತ್ತು. ಕೇಳಿದ್ದನ್ನು ಕೊಟ್ಟೆ.

ಪುಷ್ಪಲತಾ ತುಂಗಭದ್ರೆಯ ದಂಡೆಯ ಹಲವಾಗಲಿನವಳು. ಗಂಡ ಬಸವೇಶ ಮೆಕ್ಕೆಜೋಳ ಬಿಡಿಸುವ ಮಷೀನು ಇಟ್ಟುಕೊಂಡಿದ್ದಾನೆ. ಸುಗ್ಗಿ ಶುರುವಾಯಿತೆಂದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂದು ಊರೂರು ತಿರುಗುತ್ತಾನೆ. ಒಳ್ಳೆಯ ಹುಡುಗ, ಮಾತು ಕಮ್ಮಿ. ಆ ಮನೆಯ ಮಾತಿನ ಭಾರವನ್ನೆಲ್ಲ ಅವನ ತಾಯಿ ಅನ್ನದಾನಮ್ಮ ಒಬ್ಬರೇ ಹೊತ್ತಿದ್ದಾರೆ.

ಹೊಲಿಗೆಯನ್ನು ಅವಳು ಕಲಿತದ್ದು ಹಸನ್ ಸಾಬರ ಹತ್ತಿರ. ಅವರು ಗಂಡಸರ ಅಂಗಿ ಪ್ಯಾಂಟು ಹೊಲಿಯುತ್ತಿದ್ದವರು, ಹೆಣ್ಣುಮಕ್ಕಳಿಗೆ ಕಲಿಸಿದವರಲ್ಲ. ಇವಳು ಮೂರು ದಿನ ಅವರ ಅಂಗಡಿಯ ಕಟ್ಟೆಯ ಮೇಲೆ ಕೂತು ಚಿಂದಿ ಬಟ್ಟೆಗೆ ಕಾಜಾ ಹಾಕಿದಳು. ನಾಲ್ಕನೇ ದಿನ ಅವರೇ ಒಳಗೆ ಕರೆದರು. ಹಸನ್ ಸಾಬರ ಪಾಠ ಒಂದೇ. "ಬೆನ್ನು ಬಾಗಿದಾವ ನಾ ಹೊಲಿದ ಅಂಗಿ ಹಾಕ್ಕೊಂಡ್ರ, ಬೆನ್ನು ಬಾಗೈತಿ ಅಂತ ಯಾರಿಗೂ ಗೊತ್ತಾಗಬಾರ್ದಮ್ಮಾ. ಅದು ಟೇಲರನ ಕೆಲಸ." ಹೆಗಲು ಇಳಿದವನಿಗೆ ಒಳಗೆ ಹತ್ತಿ, ಹೊಟ್ಟೆ ಬಂದವನಿಗೆ ಮಡಿಕೆ. ಮೈಯಲ್ಲಿ ಇರುವುದನ್ನು ಬಟ್ಟೆಯಲ್ಲಿ ಮರೆಮಾಡುವ ಆ ವಿದ್ಯೆಯನ್ನು ಪುಷ್ಪಲತಾ ಗುರುವಿಗಿಂತ ಚೆನ್ನಾಗಿ ಕಲಿತಳು.

ನನ್ನೆದುರಿಗೆ ಅಂಗಡಿ ಇಟ್ಟ ಮೊದಲ ವಾರವೇ ಅವಳ ಧಿಮಾಕು ಗೊತ್ತಾಯಿತು. ಎಲ್ಲ ಟೇಲರುಗಳೂ ಅಳತೆಗೆ ಹಳೇ ಬ್ಲೌಸು ಇಸಕೊಂಡರೆ ಇವಳು ಮುಟ್ಟುತ್ತಲೇ ಇರಲಿಲ್ಲ. "ಹಳೇ ಬ್ಲೌಸು ಸುಳ್ಳು ಹೇಳ್ತೈತ್ರಿ, ನೀವ ಬರ್ರಿ" ಎನ್ನುವಳು. ಬಂದವರನ್ನು ನಿಲ್ಲಿಸಿ, ಎದೆಸುತ್ತಿನ ಅಳತೆಗೆ ಟೇಪು ಹಿಡಿದು "ಕೈ ಎತ್ತ್ರಿ" ಎನ್ನುವಳು. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಆ ಮಾತು ರಸ್ತೆ ದಾಟಿ ನನ್ನ ಕಿವಿಗೆ ಬೀಳುತ್ತಿತ್ತು. ಎಂಥ ಠೀವಿಯ ಹೆಂಗಸಾದರೂ ಅವಳ ಮುಂದೆ ಕೈ ಎತ್ತಿ ನಿಲ್ಲಲೇಬೇಕಿತ್ತು.

ಅವಳ ಮಗಳು ಮೇಘಾ ಹುಟ್ಟುವಾಗ ನಾಲ್ಕು ಕೇಜಿಗೂ ಮೇಲಿದ್ದಳು. ತಲೆ ಬಂತು, ಹೆಗಲು ಸಿಕ್ಕಿಕೊಂಡಿತು. ಅಂಥ ಗಳಿಗೆಯಲ್ಲಿ ಕೂಸು ಉಳಿಯುವುದೇ ದೊಡ್ಡದು, ಉಳಿಯಿತು. ಆದರೆ ಕುತ್ತಿಗೆಯಿಂದ ಎಡತೋಳಿಗೆ ಹೋಗುವ ನರಗಳು ಜಗ್ಗಿ ಪೆಟ್ಟಾಗಿದ್ದವು. ಬೆರಳು ಆಡುತ್ತಿದ್ದವು, ತೋಳು ಏಳುತ್ತಿರಲಿಲ್ಲ. ಒಳಕ್ಕೆ ತಿರುಚಿ, ಅಂಗೈ ಹಿಂದಕ್ಕೆ ಮಾಡಿಕೊಂಡು ಸುಮ್ಮನೆ ಮೈಪಕ್ಕ ಬಿದ್ದಿರುತ್ತಿತ್ತು.

ಓಣಿಯವರು ಕಾರಣ ಹುಡುಕಿ ಕೊಡಲು ತಡಮಾಡಲಿಲ್ಲ. ಬಸುರಿ ಇದ್ದಾಗ ಗ್ರಹಣದ ದಿನ ಕತ್ತರಿ ಹಿಡಿದಿದ್ದಳಂತೆ! ನನ್ನ ಅಂಗಡಿಯಲ್ಲೇ ಒಬ್ಬಾಕೆ ಈ ಮಾತು ತೆಗೆದಾಗ ಪುಷ್ಪಲತಾ ಕೂಸನ್ನು ಹೆಗಲಿಗೆ ಹಾಕಿಕೊಂಡು ದಾರ ಆರಿಸುತ್ತಿದ್ದಳು. ತಿರುಗಿಯೂ ನೋಡದೆ ಹೇಳಿದಳು. "ಹಿಡಿದಿದ್ದು ಖರೇ ಐತ್ರಿ. ಆವತ್ತು ಕತ್ತರಿಸಿದ್ದು ನಿಮ್ಮ ಬ್ಲೌಸೇ. ನಿಮಗೇನಾರ ಆಗೈತೇನು?" ಆಕೆ ಫಾಲ್ಸು ತೆಗೆದುಕೊಳ್ಳದೆ ಹೋದಳು. ಒಂದು ಗಿರಾಕಿ ಹೋಯಿತೆಂದು ನನಗೆ ಬೇಸರವೇನೂ ಆಗಲಿಲ್ಲ.

ಮನೆಯೊಳಗಿನ ಜಗಳ ಬೇರೆ. ಅನ್ನದಾನಮ್ಮ ಕೂಸಿಗೆ ಎರೆಯುವುದರಲ್ಲಿ ಓಣಿಗೇ ಹೆಸರಾದವರು. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಕೈಕಾಲು ಅಡ್ಡ ಜಗ್ಗಿ, ತೋಳು ಹಿಡಿದು ಮೇಲೆತ್ತಿ ಕೊಡವುವುದು ಅವರ ಪದ್ಧತಿ. ತೋಳು ಹಿಡಿದು ಎತ್ತಕೂಡದು, ಜಗ್ಗಕೂಡದು ಎಂದು ಡಾಕ್ಟರು ಹೇಳಿದ್ದರು. ಸೊಸೆ ತಡೆದಾಗ ಅತ್ತೆ ಒಂದು ಹೊತ್ತು ಊಟ ಬಿಟ್ಟರು. ಪುಷ್ಪಲತಾ ಬಗ್ಗಲಿಲ್ಲ, ಆದರೆ ಎರೆಯುವ ಕೆಲಸವನ್ನು ಅವರಿಂದ ಕಸಿದುಕೊಳ್ಳಲೂ ಇಲ್ಲ. "ಅತ್ತಿ, ನಿಮ್ಮ ಕೈಯಾಗ ಇರೋ ಹದ ನನಗಿಲ್ಲ. ಎಳೀಬ್ಯಾಡ್ರಿ. ಮೊಣಕೈನ ಪಕ್ಕಿಗಿ ಹಿಡಕೊಂಡು, ಮೆಲ್ಲಕ ಹೊರಗ ತಿರುವ್ರಿ" ಎಂದು ಡಾಕ್ಟರು ತೋರಿಸಿದ ವ್ಯಾಯಾಮವನ್ನು ಅವರಿಗೇ ಕಲಿಸಿದಳು. ಆಮೇಲೆ ಅನ್ನದಾನಮ್ಮ ಬಚ್ಚಲಲ್ಲಿ ದಿನಾ ಎಣಿಸಿ ಎಣಿಸಿ ತಿರುವಿದರು. ಐದನೇ ತಿಂಗಳಲ್ಲಿ ಮೇಘಾ ಎಡಗೈ ಮಡಿಚಿ ಮುಷ್ಟಿಯನ್ನು ಬಾಯಿಗೆ ಇಟ್ಟುಕೊಂಡಳು. ನರಕ್ಕೆ ಆಪರೇಷನ್ ಬೇಡ, ತಾನಾಗೇ ಚಿಗುರುತ್ತಿದೆ ಎಂದರು ಡಾಕ್ಟರು. ಅವತ್ತು ಅನ್ನದಾನಮ್ಮ ನನ್ನ ಅಂಗಡಿಗೂ ಬಂದು ಒಂದು ಹಿಡಿ ಸಕ್ಕರೆ ಕೊಟ್ಟು ಹೋದರು.

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ತಪ್ಪು ಶುರುವಾದದ್ದು ಇದಾದ ಮೇಲೆ, ಅದೂ ಅವಳ ಕೈಚಳಕದಿಂದ.

ಕೂಸಿಗೆ ಅಂಗಿ ತೊಡಿಸುವಾಗ ಎಡತೋಳು ಎತ್ತಬೇಕಾಗುತ್ತದೆ. ಎತ್ತಿದರೆ ಅಳುತ್ತದೆ. ಟೇಲರ್ ತಾಯಿ ಏನು ಮಾಡಬೇಕು? ತೋಳು ಎತ್ತದೆಯೇ ತೊಡಿಸುವ ಫ್ರಾಕು ಹೊಲಿದಳು. ಕುತ್ತಿಗೆಯಿಂದ ಎಡ ಮುಂಗೈವರೆಗೆ ಪೂರಾ ತೆರೆದುಕೊಳ್ಳುವಂಥದ್ದು, ಉದ್ದಕ್ಕೂ ಟಿಚ್ ಬಟನ್ನು. ಕೂಸನ್ನು ಅದರ ಮೇಲೆ ಮಲಗಿಸಿ ಟಕ್ ಟಕ್ ಟಕ್ ಎಂದು ಒತ್ತಿದರೆ ಮುಗಿಯಿತು. ಹೊರಗಿನಿಂದ ನೋಡಿದರೆ ಗುಂಡಿಯೇ ಕಾಣದು. ತೋಳು ಸಣ್ಣಗಿದೆ ಎಂದು ಗೊತ್ತಾಗದಂತೆ ಬುಗ್ಗೆ ತೋಳು, ಕೈ ತಿರುಚಿದ್ದು ಕಾಣದಂತೆ ಮುಂಗೈಗೆ ಲೇಸು. ನಾನು ದಾವಣಗೆರೆಯಿಂದ ಬೇರೆ ಬೇರೆ ಬಣ್ಣದ ಟಿಚ್ ಬಟನ್ನು ಹುಡುಕಿ ತಂದುಕೊಟ್ಟೆ. ಬಂದ ಗಿರಾಕಿಗಳಿಗೆಲ್ಲ ಆ ಫ್ರಾಕು ತೋರಿಸಿ ನಾನೇ ಹೊಲಿದವನ ಹಾಗೆ ಬೀಗಿದೆ. "ಕೈಯಿಗಿ ಏನರ ಆಗೈತಿ ಅಂತ ಗೊತ್ತಾಗೋದೇ ಇಲ್ಲ ನೋಡ್ರಿ" ಎಂದು ಜನ ಹೇಳಿದರೆ ಪುಷ್ಪಲತಾ ಮಷೀನಿನ ಮೇಲೆ ಬಾಗಿಕೊಂಡು ಮುಖ ಅರಳಿಸುತ್ತಿದ್ದಳು.

ಮೇಘಾ ಬೆಳೆದಂತೆ ಫ್ರಾಕುಗಳೂ ಬೆಳೆದವು. ಮೂರು ವರ್ಷಕ್ಕೆ ತಾನೇ ಬಲಗೈಯಲ್ಲಿ ಟಿಚ್ ಬಟನ್ನು ಬಿಚ್ಚಲು ಕಲಿತಳು. ಎಷ್ಟು ಚುರುಕು ಹುಡುಗಿ ಎಂದು ಎಲ್ಲರೂ ಮೆಚ್ಚಿದೆವು. ಒಂದು ಮಾತ್ರ ನನಗೆ ವಿಚಿತ್ರವಾಗಿ ಕಂಡಿತ್ತು. ಊರಿನವರಿಗೆಲ್ಲ "ಕೈ ಎತ್ತ್ರಿ" ಎನ್ನುವವಳು ಮಗಳಿಗೆ ಆ ಮಾತು ಒಂದು ದಿನವೂ ಹೇಳಲಿಲ್ಲ. ಅವಳ ಅಳತೆಯನ್ನು ಮಲಗಿದ್ದಾಗ ತೆಗೆದುಕೊಳ್ಳುತ್ತಿದ್ದಳು.

ಹರಪನಹಳ್ಳಿಗೆ ಗೀತಾಂಜಲಿ ಎಂಬ ಹೊಸ ಫಿಸಿಯೋಥೆರಪಿ ಮೇಡಂ ಬಂದಿದ್ದಾರೆಂದು ತಿಳಿದು ಮಗಳನ್ನು ಕರೆದುಕೊಂಡು ಹೋದದ್ದು ಆ ವರ್ಷವೇ. ಅಲ್ಲಿ ನಡೆದದ್ದನ್ನು ಪುಷ್ಪಲತಾಳೇ ನನಗೆ ಹೇಳಿದಳು. ಫ್ರಾಕು ತೆಗೆಯಮ್ಮಾ ಅಂದರಂತೆ ಮೇಡಂ. ಮೇಘಾ ಬಲಗೈಯಿಂದ ಟಕ್ ಟಕ್ ಎನಿಸಿ ಒಂದೇ ಗಳಿಗೆಯಲ್ಲಿ ಕಳಚಿ ನಿಂತಳು. ಮೇಡಂ ಫ್ರಾಕು ಕೈಗೆ ತೆಗೆದುಕೊಂಡು ತಿರುವಿ ಮುರುವಿ ನೋಡಿದರು.

"ಯಾರು ಹೊಲಿದಿದ್ದು ಇದು? ಭಾಳ ಚೆನ್ನಾಗೈತೆ."

"ನಾನ ರೀ," ಅಂದಳು ಪುಷ್ಪಲತಾ, ಹೆಮ್ಮೆಯಿಂದ.

"ದಿನಕ್ಕೆ ಎಷ್ಟು ಸಲ ಇವ್ಳು ಈ ಕೈ ತಾನಾಗೇ ಎತ್ತುತಾಳೆ?"

ಪುಷ್ಪಲತಾ ಯೋಚಿಸಿದಳು. ಬೆಳಿಗ್ಗೆ ಸಂಜೆ ವ್ಯಾಯಾಮ. ಅದೂ ಅಜ್ಜಿ ಎತ್ತುವುದು. ತಾನಾಗೇ? ಬಟ್ಟೆ ತೊಡುವಾಗ ಇಲ್ಲ, ಕಳಚುವಾಗ ಇಲ್ಲ. ಉಣ್ಣುವುದು, ಆಡುವುದು ಎಲ್ಲ ಬಲಗೈ.

ಮೇಡಂ ತೋಳನ್ನು ಹಿಡಿದು ತಿರುವಿ ನೋಡಿ, ಮುಚ್ಚುಮರೆ ಇಲ್ಲದೆ ಹೇಳಿದರು. ನರ ಮುಕ್ಕಾಲು ಭಾಗ ಚಿಗುರಿದೆ, ಆದರೆ ಹುಡುಗಿಗೆ ತನಗೆ ಎಡಗೈ ಉಂಟೆನ್ನುವುದೇ ಮರೆತಿದೆ. ಹೆಗಲಿನ ಕೀಲು ಬಿಗಿಯುತ್ತಿದೆ. "ವ್ಯಾಯಾಮ ಎರಡೇ ಹೊತ್ತು ಮಾಡಿಸ್ತೀರಿ. ಫ್ರಾಕು ಇಡೀ ದಿನ ಮೈಮೇಲೆ ಐತೆ. ಆರು ತಿಂಗಳು ನೋಡಣ. ಹೆಗಲು ಸಡಿಲ ಆಗ್ಲಿಲ್ಲ ಅಂದ್ರೆ ಆಪರೇಷನ್‌ಗೆ ಕಳಿಸ್ಬೇಕಾಗ್ತತೆ."

ವಾಪಸು ಬರುವ ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಾಗ ಪುಷ್ಪಲತಾ ಅವಳ ಮೈಮೇಲಿದ್ದ ಫ್ರಾಕಿನ ಟಿಚ್ ಬಟನ್ನುಗಳನ್ನು ಒಂದೊಂದಾಗಿ ಹಲ್ಲಿನಿಂದ ಕಿತ್ತಳಂತೆ. ಕೊಟ್ಟೂರು ಬಂದಾಗ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಇಳಿಯಬೇಕಾಯಿತು. ಉಳಿದ ಫ್ರಾಕುಗಳ ಬಟನ್ನುಗಳನ್ನು ಮನೆಯಲ್ಲಿ ಬಿಚ್ಚಿದಳು. ಅವೇ ಮರುದಿನ ನನ್ನ ಗಾಜಿನ ಪೆಟ್ಟಿಗೆಯ ಮೇಲೆ ಬಿದ್ದದ್ದು.

ಆ ಗುಂಡಿಗಳನ್ನು ದಾವಣಗೆರೆಯಿಂದ ಹೊತ್ತು ತಂದವನು ನಾನೇ ಅಲ್ಲವೇ?

"ತಪ್ಪು ನಂದ ಐತ್ರಿ ಅಯ್ಯನೋರ," ಅಂದಳು. "ಹಸನ್ ಮಾಸ್ತರು ಮುಚ್ಚೋದು ಕಲಿಸಿದ್ರು, ನಾನು ಮಗಳ ಕೈನ ಮುಚ್ಚಿಬಿಟ್ಟೆ. ಇನ್ಮ್ಯಾಲ ತೊಂದ್ರಿ ಕೊಡೋ ಬಟ್ಟಿ ಹೊಲೀತೀನಿ. ನೋಡ್ರಿ ನೀವು."

ನೋಡಿದೆ. ಅಂಥ ಬಟ್ಟೆಗಳನ್ನು ನಾನು ಹಿಂದೆ ನೋಡಿರಲಿಲ್ಲ. ಮೊದಲನೆಯದು ತಲೆಯಿಂದ ತೊಡುವ ಫ್ರಾಕು, ಮುಂದೆ ಹಿಂದೆ ಎಲ್ಲೂ ಬಿಚ್ಚಲು ಬಾರದು. ಎಡಗೈ ಮೊದಲು ತೂರಬೇಕು, ಇಲ್ಲವಾದರೆ ಒಳಗೇ ಸಿಕ್ಕಿಕೊಳ್ಳುವ ಹಾಗೆ ತೋಳಿನ ಕಟಿಂಗು. ಎರಡನೆಯದು ಇನ್ನೂ ತಮಾಷೆ. ಅದರ ಬಲತೋಳಿನ ಬಾಯನ್ನು ಚೀಲದಂತೆ ಹೊಲಿದುಬಿಟ್ಟಿದ್ದಳು. ದಿನಾ ಸಂಜೆ ಅರ್ಧ ತಾಸು ಆ ಫ್ರಾಕು. ಬಲಗೈ ಚೀಲದೊಳಗೆ, ಎಡಗೈ ಹೊರಗೆ. ಫ್ರಾಕಿಗೆ ಒಂದು ಜೇಬು, ಅದರ ಬಾಯಿಗೆ ನನ್ನಿಂದ ಒಯ್ದ ನಾಲ್ಕು ತೂತಿನ ಗುಂಡಿ, ಒಳಗೆ ಬೆಲ್ಲದ ಚೂರು. ಮೊದಲ ತಿಂಗಳು ಜೇಬು ಸೊಂಟದ ಹತ್ತಿರ ಇತ್ತು. ಎರಡನೇ ತಿಂಗಳು ಬಿಚ್ಚಿ ಎದೆಗೆ ಹಚ್ಚಿದಳು. ಆಮೇಲೆ ಹೆಗಲಿಗೆ. ಕೊನೆಗೆ ಒಂದು ಕುಲಾಯಿ ಹೊಲಿದು, ಅದರ ನೆತ್ತಿಗೆ ಜೇಬು ಇಟ್ಟಳು.

ಕಣ್ಣು ಮಂಜಾದ ಹಸನ್ ಸಾಬರು ಒಂದು ದಿನ ಬಂದು, ಶಿಷ್ಯೆ ತಲೆಯ ಮೇಲೆ ಜೇಬು ಇಟ್ಟಿದ್ದನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಅವಳು ಯಾಕೆಂದು ಹೇಳಿದಳು. ಜೇಬಿನ ಮೂಲೆಯನ್ನು ಬೆರಳಿನಿಂದ ಜಗ್ಗಿ ನೋಡಿ, "ಮೂಲಿಗಿ ಎರಡು ಸಲ ಹೊಲಿಗಿ ಹಾಕಮ್ಮಾ, ಹುಡುಗಿ ಜಗ್ಗತಾಳ" ಎಂದರು.

ಓಣಿಗೆ ಮಾತ್ರ ಇದು ಅರ್ಥವಾಗಲಿಲ್ಲ. ಮಗುವಿನ ಒಳ್ಳೆಯ ಕೈಯನ್ನೂ ಕಟ್ಟಿಹಾಕಿದ್ದಾಳೆ ಎಂದು ಸುದ್ದಿಯಾಯಿತು. ಅನ್ನದಾನಮ್ಮ ಎರಡು ದಿನ ಸೊಸೆಯ ಜತೆ ಮಾತು ಬಿಟ್ಟರು, ಅವರ ಮಟ್ಟಿಗೆ ಅದು ಉಪವಾಸಕ್ಕಿಂತ ಕಠಿಣ. ನಾನೇನು ಕಮ್ಮಿ? ಒಂದು ಸಂಜೆ ಮೇಘಾ "ತಾತ" ಎಂದು ರಸ್ತೆ ದಾಟಿ ಬಂದು, ಜೇಬಿನ ಬೆಲ್ಲ ಕೈಗೆ ಎಟುಕದೆ ಕಣ್ಣು ತುಂಬಿಕೊಂಡಾಗ, ತಡೆಯಲಾರದೆ ಒಂದು ಪೆಪ್ಪರಮಿಂಟು ಬಾಯಿಗೇ ಹಾಕಿದೆ. ಪುಷ್ಪಲತಾ ಎದ್ದು ಬಂದಳು. "ಅಯ್ಯನೋರ, ಕೈ ಮುಗೀತೀನಿ, ನನ್ನ ಮಗಳಿಗಿ ಕರುಣಿ ತೋರಸಬ್ಯಾಡ್ರಿ." ನನಗೂ ರೇಗಿತು. ಎರಡು ದಿನ ಅವಳ ಅಂಗಡಿಯ ಕಡೆ ತಿರುಗಿ ನೋಡಲಿಲ್ಲ.

ಮೂರನೇ ದಿನ ನೋಡಲೇಬೇಕಾಯಿತು. ಎದುರಿನಿಂದ ಮೇಘಾಳ ಅಳು ನಿಲ್ಲದೆ ಬರುತ್ತಿತ್ತು. ಮಣ್ಣಾಗಿದ್ದ ಫ್ರಾಕು ತೆಗೆಸಿ ಇನ್ನೊಂದನ್ನು ಕೈಗೆ ಕೊಟ್ಟಿದ್ದಳು, ತಾನೇ ಹಾಕಿಕೊಳ್ಳಬೇಕು. ಹುಡುಗಿ ಚಡ್ಡಿಯಲ್ಲಿ ನಿಂತು, ಫ್ರಾಕನ್ನು ನೆಲಕ್ಕೆ ಬಡಿದು, ಮತ್ತೆ ಎತ್ತಿಕೊಂಡು, ಮತ್ತೆ ಅಳುತ್ತಿದ್ದಳು. ಬ್ಲೌಸು ಒಯ್ಯಲು ಬಂದಿದ್ದ ಪಂಪಮ್ಮ ಎಂಬ ಹೆಂಗಸು ಎಂಥ ತಾಯಿ ನೀನು ಎಂದು ಬಯ್ಯುತ್ತಿದ್ದಳು. ಪುಷ್ಪಲತಾ ಯಾರ ಮಾತೂ ಕೇಳದವಳ ಹಾಗೆ ಮಷೀನು ತುಳಿಯುತ್ತಿದ್ದಳು. ಕಲ್ಲೆದೆಯವಳು ಎಂದುಕೊಂಡೆ.

ಆಗ ನನ್ನ ಕಣ್ಣು ಮಷೀನಿನ ಮೇಲಕ್ಕೆ ಹೋಯಿತು. ದಾರದ ವ್ಯಾಪಾರಿಗೆ ಮೊದಲು ಕಾಣುವುದೇ ದಾರ. ಮಷೀನಿಗೆ ದಾರ ಇರಲಿಲ್ಲ. ಉಂಡೆ ಇಡುವ ಕಡ್ಡಿ ಬರಿದಾಗಿತ್ತು, ಸೂಜಿ ಬರಿದಾಗಿತ್ತು. ಅವಳು ಖಾಲಿ ಮಷೀನು ತುಳಿಯುತ್ತ ಬಟ್ಟೆಗೆ ಬರೀ ತೂತು ಹಾಕುತ್ತಿದ್ದಳು. ಕಾಲು ನಿಲ್ಲಿಸಿದರೆ ಎದ್ದು ಹೋಗಿ ಮಗಳಿಗೆ ತೊಡಿಸಿಬಿಡುತ್ತೇನೆ ಎಂಬ ಭಯಕ್ಕೆ. ಎರಡು ದಿನ ಮುನಿಸಿಕೊಂಡಿದ್ದಕ್ಕೆ ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಮೇಘಾ ಅತ್ತು ಸುಸ್ತಾಗಿ ಫ್ರಾಕಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಬಲಗೈಯಿಂದ ತೋಳಿನ ಬಾಯಿ ಅಗಲಿಸಿ ಎಡಗೈ ತೂರಿದಳು. ತಲೆ ಒಳಗೆ ಸಿಕ್ಕಿಕೊಂಡಿತು, ಸ್ವಲ್ಪ ಹೊತ್ತು ಬಟ್ಟೆಯ ಗಂಟೊಂದು ಕುಣಿದಾಡಿತು. ಆಮೇಲೆ ತೋಳಿನ ಬಾಯಿಂದ ಐದು ಬೆರಳು ಹೊರಗೆ ಬಂದವು.

"ಅವ್ವ, ಕೈ ಬಂತು," ಅಂದಿತು ಒಳಗಿನಿಂದ ದನಿ.

"ಹೂಂ. ಇನ್ನೊಂದು ಹಾಕ್ಕೋ," ಅಂದಳು ಪುಷ್ಪಲತಾ, ತಿರುಗದೆ. ಆಮೇಲೆ ಕಾಲು ನಿಲ್ಲಿಸಿ ಸೂಜಿಗೆ ದಾರ ಪೋಣಿಸಲು ಹೋದಳು. ಕಣ್ಣು ಮುಚ್ಚಿ ದಾರ ಪೋಣಿಸುವ ಹೆಣ್ಣು ಅವಳು. ಅವತ್ತು ನಾಲ್ಕು ಸಲ ತಪ್ಪಿತು.

ಆರು ತಿಂಗಳಿಗೆ ಮತ್ತೆ ಹರಪನಹಳ್ಳಿಗೆ ಹೋದರು. ಈ ಸಲ ನಾನೂ ಜತೆಗೆ ಹೋದೆ, ಅಂಗಡಿ ಮುಚ್ಚಿ. ಗೀತಾಂಜಲಿ ಮೇಡಂ ಹೆಗಲನ್ನು ತಿರುವಿ ನೋಡಿ, ಕೋನ ಅಳೆಯುವ ಪಟ್ಟಿ ಇಟ್ಟು ಬರೆದುಕೊಂಡರು. "ಸಡಿಲ ಆಗೈತೆ. ಈಗ ಆಪರೇಷನ್ ಬ್ಯಾಡ," ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಉಳಿದದ್ದನ್ನೂ ಹೇಳಿದರು. ಕೈ ಪೂರ್ತಿ ಮೇಲಕ್ಕೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ. ಸ್ವಲ್ಪ ಗಿಡ್ಡಾಗಿಯೇ ಉಳಿಯುತ್ತದೆ. ಬೆಳೆಯುವವರೆಗೂ ಬಿಡದೆ ಮಾಡಿಸಬೇಕು.

"ಎಷ್ಟು ಏಳ್ತೈತಿ ಅಷ್ಟಕ್ಕ ಹೊಲೀತೀನಿ ಮೇಡಂ," ಅಂದಳು ಪುಷ್ಪಲತಾ. ಆ ದನಿ ನನಗೆ ಗೊತ್ತಿತ್ತು. ಅಳತೆಗೆ ಹಳೇ ಬ್ಲೌಸು ಬೇಡ ಎನ್ನುತ್ತಿದ್ದಳಲ್ಲ, ಅದೇ ದನಿ.

ಈ ವರ್ಷ ಮೇಘಾಳನ್ನು ಒಂದನೇ ಇಯತ್ತೆಗೆ ಸೇರಿಸಿದರು. ಈಗ ಅವಳು ಎಡಗೈಯಲ್ಲಿ ತಟ್ಟೆ ಹಿಡಿಯುತ್ತಾಳೆ, ಲೋಟ ಬಾಯಿಗೆ ಒಯ್ಯುತ್ತಾಳೆ, ಬೇರೆ ಮಕ್ಕಳ ಜುಟ್ಟು ಹಿಡಿದು ಜಗ್ಗುತ್ತಾಳೆ. ದೂರು ಬಂದಾಗ "ಯಾವ ಕೈಲಿ ಜಗ್ಗಿದ್ಲು?" ಎಂದು ಪುಷ್ಪಲತಾ ಮೊದಲು ಕೇಳುತ್ತಾಳೆ. ಎಡಗೈ ಎಂದರೆ ಬೈಗುಳ ಕಮ್ಮಿ.

ಯೂನಿಫಾರಂ ಹೊಲಿಯುವ ದಿನ ನಾನು ನೀಲಿ ದಾರ ಕೊಡಲು ಹೋಗಿದ್ದೆ. ಅನ್ನದಾನಮ್ಮನೂ ಅಲ್ಲಿಯೇ ಇದ್ದರು. "ತುಂಬು ತೋಳಿಂದು ಹೊಲೀ ಪುಷ್ಪಾ. ಸಾಲ್ಯಾಗ ಹುಡುಗ್ರು ಕೈ ನೋಡಿ ನಗ್ತಾವ," ಅಂದರು. ಪುಷ್ಪಲತಾ ಮಗಳ ಮುಖ ನೋಡಿದಳು.

"ಎಲ್ಲಾರದೂ ಅರ್ಧ ತೋಳು ಐತಿ," ಅಂದಳು ಮೇಘಾ. "ನಂಗೂ ಅರ್ಧ."

ಪುಷ್ಪಲತಾ ಟೇಪು ತೆಗೆದಳು. ಹೆಗಲು ಅಳೆದಳು. ಬಲತೋಳು ಅಳೆದಳು, ಎಡತೋಳು ಅಳೆದಳು, ಎರಡು ಅಂಕಿ ಬರೆದುಕೊಂಡಳು, ಒಂದಕ್ಕಿಂತ ಇನ್ನೊಂದು ಮುಕ್ಕಾಲು ಇಂಚು ಕಮ್ಮಿ. ಆಮೇಲೆ ಎದೆಸುತ್ತಿಗೆ ಟೇಪು ಬಿಡಿಸಿ ಹಿಡಿದು ಸ್ವಲ್ಪ ತಡೆದಳು. ಆರು ವರ್ಷ ಮಗಳಿಗೆ ಹೇಳದ ಮಾತನ್ನು, ಯಾವ ಗಿರಾಕಿಗಾದರೂ ಹೇಳುವಂತೆ ಹೇಳಿದಳು.

"ಕೈ ಎತ್ತು."

ಮೇಘಾ ಎರಡೂ ಕೈ ಎತ್ತಿದಳು. ಬಲಗೈ ನೆಟ್ಟಗೆ ಮೇಲೆ ಹೋಯಿತು. ಎಡಗೈ ನಿಧಾನವಾಗಿ ಎದ್ದು, ಮೊಣಕೈ ಸ್ವಲ್ಪ ಮಡಿಚಿಕೊಂಡು, ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಟೇಪು ದಾಟಲು ಅಷ್ಟು ಎತ್ತಿದರೆ ಬೇಕಾದಷ್ಟಾಯಿತು. ಪುಷ್ಪಲತಾ ಮಗಳ ಕಂಕುಳಡಿ ಟೇಪು ಹಾಯಿಸಿ, ಮುಂದೆ ಕೂಡಿಸಿ, ಅಂಕಿ ನೋಡಿದಳು.

"ಅವ್ವ, ಬರಕೊಂಡ್ಯಾ?"

"ಇರು. ಇನ್ನೊಮ್ಮಿ ನೋಡ್ತೀನಿ."

ಒಂದೇ ಸಲಕ್ಕೆ ಅಳತೆ ಹಿಡಿಯುವವಳು ಮಗಳ ಎದೆಸುತ್ತನ್ನು ಮೂರು ಸಲ ಅಳೆದಳು. ಮೂರನೇ ಸಲದವರೆಗೂ ಮೇಘಾ ಕೈ ಇಳಿಸಲಿಲ್ಲ.